ಬಾಯ್ಲರ್ ಉರಿಯುತ್ತಿದೆ, ಕರೆಂಟ್ ಮಾತ್ರ ಸಾಲುತ್ತಿಲ್ಲ: ಫ್ಯಾಕ್ಟೋರಿಯೋದಲ್ಲಿ ಹಬೆ ವಿದ್ಯುತ್ ಕೈಕೊಟ್ಟಾಗ ಎಲ್ಲಿ ಹುಡುಕಬೇಕು?

"ಇನ್ನೂ ಹತ್ತು ಸ್ಟೀಮ್ ಎಂಜಿನ್ ಹಾಕಿದೆ. ಆದರೂ ಕರೆಂಟ್ ಸಾಲ್ತಿಲ್ಲ. ಯಾಕೆ?"

ಫ್ಯಾಕ್ಟೋರಿಯೋ ಆಟ ಹೊಸದಾಗಿ ಶುರು ಮಾಡಿದವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಮೊದಲ ಕೆಲವು ಗಂಟೆ ಎಲ್ಲ ಚೆನ್ನಾಗಿ ನಡೆಯುತ್ತದೆ. ಬೆಲ್ಟಿನ ಮೇಲೆ ಕಬ್ಬಿಣ, ತಾಮ್ರ ಸಾಲುಗಟ್ಟಿ ಹೋಗುತ್ತಿರುತ್ತವೆ. ಆಮೇಲೆ ಯಾವುದೋ ಹೊತ್ತಿನಲ್ಲಿ ಯಂತ್ರಗಳ ಮೇಲೆ ಮಿಂಚಿನ ಗುರುತು ಮಿನುಗತೊಡಗುತ್ತದೆ. ಸಾಮಾನು ಎತ್ತಿಡುವ ಇನ್ಸರ್ಟರ್‌ಗಳ ಕೈ ನಿಧಾನವಾಗುತ್ತದೆ. ಹತ್ತು ನಿಮಿಷ ಬೇರೆ ಕಡೆ ಗಮನ ಕೊಟ್ಟು ಬರುವಷ್ಟರಲ್ಲಿ ಇಡೀ ಕಾರ್ಖಾನೆ ತಣ್ಣಗೆ ನಿಂತಿರುತ್ತದೆ.

ಆಗ ಎಲ್ಲರೂ ಮೊದಲು ಮಾಡುವುದು ಎಂಜಿನ್ ಜಾಸ್ತಿ ಮಾಡುವ ಕೆಲಸ. ಒಮ್ಮೊಮ್ಮೆ ಅದು ಸರಿಯಾದ ಮದ್ದೇ. ಬಹಳ ಸಲ ಅಲ್ಲ. ಯಾಕೆ ಅಂತ ತಿಳಿಯಲು ವಿದ್ಯುತ್ ಕಂಬದಿಂದ ಹಿಂದಕ್ಕೆ ನಡೆದು ಕಲ್ಲಿದ್ದಲಿನ ಗಣಿಯವರೆಗೂ ಹೋಗಿ ನೋಡಬೇಕು. ಈ ಲೇಖನ ಆ ನಡಿಗೆ.

ಆಟ ಯಾವುದು, ಈಗ ಯಾಕೆ ಈ ಮಾತು

ಫ್ಯಾಕ್ಟೋರಿಯೋ ಕಾರ್ಖಾನೆ ಕಟ್ಟುವ ಆಟ. ಚೆಕ್ ದೇಶದ ಪ್ರಾಗ್ ನಗರದ ವೂಬ್ ಸಾಫ್ಟ್‌ವೇರ್ ಇದನ್ನು ಮಾಡಿದೆ. ಬೇರೆ ಗ್ರಹದಲ್ಲಿ ಒಂಟಿಯಾಗಿ ಸಿಕ್ಕಿಕೊಂಡ ಎಂಜಿನಿಯರ್ ನೀವು. ಕೈಯಲ್ಲಿ ಅದಿರು ಅಗೆಯುವುದರಿಂದ ಶುರುವಾಗಿ ರಾಕೆಟ್ ಹಾರಿಸುವವರೆಗೆ ಬೆಳೆಯಬೇಕು. ಆಟದ 1.0 ಆವೃತ್ತಿ 2020ರ ಆಗಸ್ಟ್‌ನಲ್ಲಿ ಬಂತು. 2024ರ ಅಕ್ಟೋಬರ್ 21ರಂದು 2.0 ಆವೃತ್ತಿ ಬಂತು. ಅದರ ಜೊತೆಗೇ ಸ್ಪೇಸ್ ಏಜ್ ಎಂಬ ದೊಡ್ಡ ವಿಸ್ತರಣೆಯೂ ಬಂತು.

ಈ 2.0 ಬಂದ ಮೇಲೆ ಒಂದು ಗೊಂದಲ ಹುಟ್ಟಿಕೊಂಡಿದೆ. ಆಟದೊಳಗೆ ನೀರು, ಹಬೆ ಹರಿಯುವ ಲೆಕ್ಕವೇ ಬದಲಾಗಿದೆ. ಆದರೆ ಜನ ನೋಡುವ ವಿಡಿಯೋಗಳು, ಓದುವ ಟಿಪ್ಪಣಿಗಳು ಎಷ್ಟೋ ಕಡೆ ಹಳೆಯವು. ಹಳೆ ಲೆಕ್ಕ ಹಿಡಿದು ಹೊಸ ಆಟದಲ್ಲಿ ತಪ್ಪು ಹುಡುಕಲು ಹೋದರೆ ಸುಮ್ನೆ ಗಂಟೆಗಟ್ಟಲೆ ಪೈಪ್ ಕಿತ್ತು ಹಾಕುವುದೇ ಆಗುತ್ತದೆ.

ವ್ಯಾಟ್ ಬೇರೆ, ಜೂಲ್ ಬೇರೆ

ಮನೆಯ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂಬುದು ಒಂದು ಪ್ರಶ್ನೆ. ನಲ್ಲಿಯಲ್ಲಿ ಎಷ್ಟು ಜೋರಾಗಿ ಬರುತ್ತದೆ ಎಂಬುದು ಇನ್ನೊಂದು. ಜೂಲ್ ಅಂದರೆ ಟ್ಯಾಂಕಿನಲ್ಲಿರುವ ನೀರು. ವ್ಯಾಟ್ ಅಂದರೆ ನಲ್ಲಿಯ ರಭಸ. ಸೆಕೆಂಡಿಗೆ ಒಂದು ಜೂಲ್ ಹರಿದರೆ ಅದು ಒಂದು ವ್ಯಾಟ್.

ಆಟದಲ್ಲಿ ಒಂದು ತುಂಡು ಕಲ್ಲಿದ್ದಲಿನಲ್ಲಿ 4 ಮೆಗಾಜೂಲ್ ಇದೆ. ಮರದ ತುಂಡಿನಲ್ಲಿ 2. ಎಣ್ಣೆಯಿಂದ ಮಾಡುವ ಘನ ಇಂಧನದಲ್ಲಿ 12. ಬಾಯ್ಲರ್ ಪೂರ್ತಿ ಜೋರಿನಲ್ಲಿ ಉರಿದರೆ 1.8 ಮೆಗಾವ್ಯಾಟ್, ಅಂದರೆ ಸೆಕೆಂಡಿಗೆ 1.8 ಮೆಗಾಜೂಲ್ ನುಂಗುತ್ತದೆ. 1.8ನ್ನು 4ರಿಂದ ಭಾಗಿಸಿ: ಸೆಕೆಂಡಿಗೆ 0.45 ಕಲ್ಲಿದ್ದಲು. ನಿಮಿಷಕ್ಕೆ 27. ಈ 0.45 ಎಂಬ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಪದೇ ಪದೇ ಬರುತ್ತದೆ.

ಗಣಿಯಿಂದ ಕಂಬದವರೆಗೆ

ಕೆರೆ ಅಥವಾ ಸಮುದ್ರದ ದಡದಲ್ಲಿ ಒಂದು ಪಂಪ್ ಇಡುತ್ತೀರಿ. ಅದು ಸೆಕೆಂಡಿಗೆ 1200 ಪಾಲು ನೀರು ಎತ್ತುತ್ತದೆ, ಅದಕ್ಕೆ ಕರೆಂಟ್ ಬೇಡ. ನೀರು ಬಾಯ್ಲರ್‌ಗೆ ಹೋಗುತ್ತದೆ. ಅಲ್ಲಿ ಕಲ್ಲಿದ್ದಲು ಉರಿದು ನೀರು 165 ಡಿಗ್ರಿಯ ಹಬೆಯಾಗುತ್ತದೆ. ಹಬೆ ಸ್ಟೀಮ್ ಎಂಜಿನ್ನಿಗೆ ಹೋಗುತ್ತದೆ. ಒಂದು ಎಂಜಿನ್ ಸೆಕೆಂಡಿಗೆ 30 ಪಾಲು ಹಬೆ ತಿಂದು 900 ಕಿಲೋವ್ಯಾಟ್ ಕೊಡುತ್ತದೆ.

ಬಾಯ್ಲರ್ ಕೊಡುವುದು 1.8 ಮೆಗಾವ್ಯಾಟ್. ಎಂಜಿನ್ ತೆಗೆದುಕೊಳ್ಳುವುದು ಅದರ ಅರ್ಧ. ಹಾಗಾಗಿ ಒಂದು ಬಾಯ್ಲರ್‌ಗೆ ಎರಡು ಎಂಜಿನ್. ಈ ಲೆಕ್ಕ ಹಳೆ ಆವೃತ್ತಿಯಲ್ಲೂ ಇದೇ, ಹೊಸದರಲ್ಲೂ ಇದೇ. ಮೊದಲಿನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಒಂದು ಬಾಯ್ಲರ್‌ಗೆ ಎರಡರ ಬದಲು ನಾಲ್ಕು ಎಂಜಿನ್ ಕಟ್ಟಿದರೂ ಬರುವುದು ಅದೇ 1.8 ಮೆಗಾವ್ಯಾಟ್. ಒಂದೇ ಹಸು, ಕರೆಯಲು ನಾಲ್ಕು ಜನ ಕೂತರೆ ಹಾಲು ಜಾಸ್ತಿ ಆಗುತ್ತದೆಯೇ?

ನೀರಿನ ಲೆಕ್ಕ ಮಾತ್ರ ಬದಲಾಗಿದೆ. ಹಿಂದೆ ಒಂದು ಪಾಲು ನೀರಿನಿಂದ ಒಂದು ಪಾಲು ಹಬೆ. ಆಗ ಒಂದು ಪಂಪ್, 20 ಬಾಯ್ಲರ್, 40 ಎಂಜಿನ್ ಎಂಬುದು ಎಲ್ಲರ ಬಾಯಲ್ಲಿದ್ದ ಸೂತ್ರ. 2.0ರಲ್ಲಿ ಒಂದು ಪಾಲು ನೀರಿನಿಂದ ಹತ್ತು ಪಾಲು ಹಬೆ ಬರುತ್ತದೆ. ಬಾಯ್ಲರ್‌ಗೆ ಸೆಕೆಂಡಿಗೆ 6 ಪಾಲು ನೀರು ಸಾಕು. ಹಾಗಾಗಿ ಅದೇ ಒಂದು ಪಂಪ್ ಈಗ 200 ಬಾಯ್ಲರ್, 400 ಎಂಜಿನ್ ನಡೆಸಬಲ್ಲದು. ಹೊಸ ಆವೃತ್ತಿಯಲ್ಲಿ "ನೀರು ಸಾಲ್ತಿಲ್ಲ" ಅನ್ನುವ ಮಾತು ನಿಜವಾಗುವುದು ಬಹಳ ಅಪರೂಪ. ಕಲ್ಲಿದ್ದಲಿನ ಮೇಲೆ ಅನುಮಾನ ಪಡುವುದು ಒಳ್ಳೆಯದು.

ಕಲ್ಲಿದ್ದಲು ಬರುವುದು ಗಣಿ ಯಂತ್ರದಿಂದ. ವಿದ್ಯುತ್ ಗಣಿ ಯಂತ್ರ ಸೆಕೆಂಡಿಗೆ ಅರ್ಧ ತುಂಡು ಅಗೆಯುತ್ತದೆ, 90 ಕಿಲೋವ್ಯಾಟ್ ಕರೆಂಟ್ ಬೇಡುತ್ತದೆ. ಇಲ್ಲಿ ಸ್ವಲ್ಪ ನಿಲ್ಲಿ. ಕರೆಂಟ್ ಮಾಡಲು ಕಲ್ಲಿದ್ದಲು ಬೇಕು. ಕಲ್ಲಿದ್ದಲು ಅಗೆಯಲು ಕರೆಂಟ್ ಬೇಕು. ಹೊರಟ ಜಾಗಕ್ಕೇ ಬಂದು ಸೇರುವ ದಾರಿ ಇದು. ಫ್ಯಾಕ್ಟೋರಿಯೋದ ಹಬೆ ವಿದ್ಯುತ್ತಿನ ಎಲ್ಲ ದೊಡ್ಡ ಅವಘಡಗಳೂ ಈ ಸುತ್ತಿನಲ್ಲೇ ಆಗುತ್ತವೆ.

ಅಡುಗೆಯವರಿಗೂ ಅರ್ಧ ಊಟ

ನಮ್ಮ ಊರುಗಳಲ್ಲಿ ಕರೆಂಟ್ ಸಾಲದಿದ್ದಾಗ ಏನು ಮಾಡುತ್ತಾರೆ? ಲೋಡ್ ಶೆಡ್ಡಿಂಗ್. ಒಂದು ಕಡೆ ತೆಗೆಯುತ್ತಾರೆ, ಇನ್ನೊಂದು ಕಡೆ ಉಳಿಸುತ್ತಾರೆ. ಆಸ್ಪತ್ರೆ, ನೀರಿನ ಪಂಪ್‌ಗಳಿಗೆ ಆದ್ಯತೆ ಕೊಡಲು ಅಲ್ಲಿ ಮನುಷ್ಯರಿದ್ದಾರೆ. ಆಟದಲ್ಲಿ ಹಾಗಲ್ಲ. ಕರೆಂಟ್ ನೂರಕ್ಕೆ 20 ಭಾಗ ಕಮ್ಮಿ ಬಿದ್ದರೆ ಜಾಲದಲ್ಲಿರುವ ಪ್ರತಿ ಯಂತ್ರಕ್ಕೂ 20 ಭಾಗ ಕಮ್ಮಿ. ಹಬ್ಬದ ಪಂಕ್ತಿಯಲ್ಲಿ ಪಾಯಸ ಕಮ್ಮಿಯಾದರೆ ಎಲ್ಲರಿಗೂ ಒಂದೊಂದು ಸೌಟು ಕಡಿಮೆ ಬಡಿಸಿದ ಹಾಗೆ. ಯಾರಿಗೂ ಪೂರ್ತಿ ಇಲ್ಲವಾಗುವುದಿಲ್ಲ, ನ್ಯಾಯವಾಗಿಯೇ ಕಾಣುತ್ತದೆ. ತೊಂದರೆ ಏನೆಂದರೆ ಆ ಪಂಕ್ತಿಯಲ್ಲಿ ಅಡುಗೆಯವರೂ ಕೂತಿದ್ದಾರೆ. ಅವರಿಗೂ ಅರ್ಧ ಊಟವಾದರೆ ನಾಳೆಯ ಅಡುಗೆ ಇನ್ನೂ ಕಮ್ಮಿಯಾಗುತ್ತದೆ.

ಅಂಕಿಗಳಲ್ಲಿ ನೋಡೋಣ. ನಿಮ್ಮ ಹತ್ತಿರ 20 ಬಾಯ್ಲರ್, 40 ಎಂಜಿನ್ ಇದೆ. ಒಟ್ಟು 36 ಮೆಗಾವ್ಯಾಟ್. ಅದಕ್ಕೆ ಸೆಕೆಂಡಿಗೆ 9 ಕಲ್ಲಿದ್ದಲು ಬೇಕು. 18 ಗಣಿ ಯಂತ್ರ ಇಟ್ಟಿದ್ದೀರಿ, ಸರಿಯಾಗಿ 9 ಬರುತ್ತಿದೆ. ಈಗ ಕಾರ್ಖಾನೆ ಬೆಳೆದು ಬೇಡಿಕೆ 45 ಮೆಗಾವ್ಯಾಟ್ ಆಯಿತು. 36 ಇದೆ, 45 ಬೇಕು. ಎಲ್ಲರಿಗೂ 80 ಭಾಗ ಸಿಗುತ್ತದೆ.

ಗಣಿ ಯಂತ್ರಗಳೂ 80 ಭಾಗದ ವೇಗಕ್ಕೆ ಇಳಿಯುತ್ತವೆ. ಕಲ್ಲಿದ್ದಲು 9ರಿಂದ 7.2ಕ್ಕೆ ಬಂತು. 7.2 ಕಲ್ಲಿದ್ದಲಿನಿಂದ ಆಗುವುದು 28.8 ಮೆಗಾವ್ಯಾಟ್ ಮಾತ್ರ. ಈಗ ಎಲ್ಲರಿಗೂ 64 ಭಾಗ. ಕಲ್ಲಿದ್ದಲು 5.76. ಕರೆಂಟ್ 23 ಮೆಗಾವ್ಯಾಟ್. ಎಲ್ಲರಿಗೂ 51 ಭಾಗ. ಮುಂದಿನ ಸುತ್ತಿಗೆ 41. ಹೀಗೇ ಇಳಿಯುತ್ತಾ ಹೋಗಿ ಕೊನೆಗೆ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಶುರುವಿನಲ್ಲಿ ಇದ್ದ ಕೊರತೆ ಬರೀ ಐದರಲ್ಲೊಂದು ಪಾಲು. ಆದರೆ ಮುಳುಗಿದ್ದು ಇಡೀ ಕಾರ್ಖಾನೆ. ಆಟಗಾರರು ಇದನ್ನು ಸಾವಿನ ಸುಳಿ ಅನ್ನುತ್ತಾರೆ. ನದಿಯ ಸುಳಿಯ ಹಾಗೆಯೇ ಇದು, ಅಂಚಿನಲ್ಲಿ ನಿಧಾನ, ನಡುವೆ ಹೋದ ಹಾಗೆ ಬಿಗಿ.

ಇನ್ನೊಂದು ವಿಷಯ ಇದನ್ನು ಕಣ್ಣಿಂದ ಮರೆಮಾಡುತ್ತದೆ. ಬೆಲ್ಟಿನ ಒಂದು ಚೌಕದಲ್ಲಿ 8 ತುಂಡು ಹಿಡಿಯುತ್ತದೆ. ಗಣಿಯಿಂದ ಬಾಯ್ಲರ್‌ವರೆಗೆ 100 ಚೌಕ ಬೆಲ್ಟ್ ತುಂಬಿ ನಿಂತಿದ್ದರೆ ಅದರಲ್ಲೇ 800 ಕಲ್ಲಿದ್ದಲು ಇದೆ. ಗಣಿ 9ರ ಬದಲು 7.2 ಕೊಡಲು ಶುರು ಮಾಡಿದರೂ ಕೊರತೆಯ 1.8 ಈ ದಾಸ್ತಾನಿನಿಂದ ಹೋಗುತ್ತಿರುತ್ತದೆ. ದಾಸ್ತಾನು ಖಾಲಿಯಾಗಲು ಏಳು ನಿಮಿಷಕ್ಕಿಂತ ಜಾಸ್ತಿ ಬೇಕು. ಅಷ್ಟು ಹೊತ್ತೂ ಕರೆಂಟ್ 80 ಭಾಗದಲ್ಲೇ ನಿಂತಿರುತ್ತದೆ. "ಸ್ವಲ್ಪ ನಿಧಾನ ಇದೆ, ಪರವಾಗಿಲ್ಲ, ಆಮೇಲೆ ನೋಡಿದರಾಯಿತು" ಅನಿಸುತ್ತದೆ. ಬೆಲ್ಟ್ ಬರಿದಾದ ಮೇಲೆ ಕುಸಿತ ಒಮ್ಮೆಲೇ ಬಂದ ಹಾಗೆ ಕಾಣುತ್ತದೆ. ನಿಜಕ್ಕೂ ಅದು ಶುರುವಾಗಿದ್ದು ಏಳೆಂಟು ನಿಮಿಷದ ಹಿಂದೆ, ನೀವು ಹೊಸ ಯಂತ್ರಗಳ ಸಾಲು ಹಾಕಿದ ಹೊತ್ತಿನಲ್ಲಿ.

ಮೊದಲು ಕಂಬವನ್ನು ಕೇಳಿ

ಯಾವುದೇ ವಿದ್ಯುತ್ ಕಂಬದ ಮೇಲೆ ಕ್ಲಿಕ್ ಮಾಡಿದರೆ ಒಂದು ಪಟ್ಟಿ ತೆರೆಯುತ್ತದೆ. ಬೇಡಿಕೆಯಲ್ಲಿ ಎಷ್ಟು ಪಾಲು ಪೂರೈಕೆಯಾಗುತ್ತಿದೆ, ಒಟ್ಟು ಎಷ್ಟು ತಯಾರಾಗುತ್ತಿದೆ, ಯಾವ ಜಾತಿಯ ಯಂತ್ರ ಎಷ್ಟು ತಿನ್ನುತ್ತಿದೆ, ಯಾವುದು ಎಷ್ಟು ಕೊಡುತ್ತಿದೆ ಎಲ್ಲ ಅಲ್ಲಿದೆ. ಕೆಳಗೆ ಗ್ರಾಫ್ ಕೂಡ ಇದೆ. ವೈದ್ಯರು ಮೊದಲು ನಾಡಿ ಹಿಡಿಯುವ ಹಾಗೆ, ಏನನ್ನೂ ಕಟ್ಟುವ ಮೊದಲು ಈ ಪಟ್ಟಿ ನೋಡುವುದು ನನ್ನ ಅಭ್ಯಾಸ.

ಇಲ್ಲಿ ಮಾಡಬೇಕಾದ ಗುಣಾಕಾರ ಒಂದೇ. ಎಂಜಿನ್ ಎಷ್ಟಿವೆ ಎಣಿಸಿ 900ರಿಂದ ಗುಣಿಸಿ. 40 ಎಂಜಿನ್ ಇದ್ದರೆ 36,000 ಕಿಲೋವ್ಯಾಟ್, ಅಂದರೆ 36 ಮೆಗಾವ್ಯಾಟ್. ಪಟ್ಟಿಯಲ್ಲಿ ಎಂಜಿನ್‌ಗಳು ನಿಜವಾಗಿ ಎಷ್ಟು ಕೊಡುತ್ತಿವೆ ನೋಡಿ.

ಕೊರತೆ ಇದ್ದು, ಎಂಜಿನ್‌ಗಳು ಪೂರ್ತಿ 36 ಕೊಡುತ್ತಿದ್ದರೆ ನಿಮ್ಮ ವಿದ್ಯುತ್ ಸ್ಥಾವರ ಆರೋಗ್ಯವಾಗಿದೆ. ಅದರ ಶಕ್ತಿ ಅಷ್ಟೇ. ಬೇಡಿಕೆ ದಾಟಿದೆ. ಆಗ ಬಾಯ್ಲರ್, ಎಂಜಿನ್, ಗಣಿ ಮೂರನ್ನೂ ಒಟ್ಟಿಗೆ ಬೆಳೆಸಬೇಕು. ಕೊರತೆ ಇದ್ದೂ ಎಂಜಿನ್‌ಗಳು 22, 25 ಮಾತ್ರ ಕೊಡುತ್ತಿದ್ದರೆ ಅವಕ್ಕೆ ಹಬೆ ಸಿಗುತ್ತಿಲ್ಲ. ಇನ್ನೂ ನೂರು ಎಂಜಿನ್ ಹಾಕಿದರೂ ಒಂದು ವ್ಯಾಟ್ ಹೆಚ್ಚುವುದಿಲ್ಲ. ಲೇಖನದ ಮೊದಲ ಸಾಲಿನ ಪ್ರಶ್ನೆ ಬಹುತೇಕ ಈ ಎರಡನೇ ಗುಂಪಿನದು.

ಇನ್ನೊಂದು ಸಾಧ್ಯತೆಯೂ ಇದೆ. ಪಟ್ಟಿ ಪೂರ್ತಿ ಹಸಿರು ತೋರಿಸುತ್ತಿದೆ, ಆದರೆ ಒಂದು ಮೂಲೆಯ ಯಂತ್ರಗಳು ಸತ್ತಿವೆ. ಆಗ ಆ ಮೂಲೆಯ ಕಂಬವನ್ನೇ ಕ್ಲಿಕ್ ಮಾಡಿ. ಬೇರೆ ಅಂಕಿ ಬಂದರೆ ಅದು ಬೇರೆ ಜಾಲ. ನಡುವೆ ಎಲ್ಲೋ ತಂತಿ ತುಂಡಾಗಿದೆ. ಬೈಟರ್ ಎಂಬ ಹುಳುಗಳು ಕಂಬ ಕಡಿದಿರಬಹುದು, ಅಥವಾ ಕಾರ್ ಓಡಿಸುವಾಗ ನೀವೇ ಗುದ್ದಿರಬಹುದು.

ಬೇಡಿಕೆ ಒಮ್ಮೆಲೇ ಯಾಕೆ ಏರುತ್ತದೆ?

"ನಾನು ಹೊಸದಾಗಿ ಏನೂ ಕಟ್ಟಲೇ ಇಲ್ಲ, ಆದರೂ ಬೇಡಿಕೆ ಏರಿದೆ" ಅನ್ನುವವರಿದ್ದಾರೆ. ಅದು ನಿಜವಿರಬಹುದು. ಕೆಲಸವಿಲ್ಲದೆ ನಿಂತ ಜೋಡಣಾ ಯಂತ್ರ ತನ್ನ ಪೂರ್ತಿ ಬೇಡಿಕೆಯ ಸುಮಾರು 30ರಲ್ಲಿ ಒಂದು ಪಾಲು ಮಾತ್ರ ತಿನ್ನುತ್ತದೆ. ಎರಡನೇ ದರ್ಜೆಯ 100 ಜೋಡಣಾ ಯಂತ್ರಗಳು ಸುಮ್ಮನೆ ನಿಂತಿದ್ದರೆ ಒಟ್ಟು ಅರ್ಧ ಮೆಗಾವ್ಯಾಟ್. ಅವೇ ಕೆಲಸ ಶುರು ಮಾಡಿದರೆ 15.5 ಮೆಗಾವ್ಯಾಟ್. ಇಷ್ಟು ದಿನ ಕಬ್ಬಿಣ ಸಾಲದೆ ನಿಂತಿದ್ದವು. ನೀವು ಹೊಸ ಕಬ್ಬಿಣದ ಗಣಿ ತೆರೆದಿರಿ. ಎಲ್ಲವೂ ಒಟ್ಟಿಗೆ ಎದ್ದು ಕೂತವು. ಕಬ್ಬಿಣದ ತೊಂದರೆ ಬಗೆಹರಿದ ಐದೇ ನಿಮಿಷಕ್ಕೆ ಕರೆಂಟ್ ತೊಂದರೆ ಬರುವುದು ಈ ಕಾರಣಕ್ಕೆ.

ರಾತ್ರಿ ಮಾತ್ರ ಕೊರತೆ ಬರುತ್ತಿದ್ದರೆ ಸೋಲಾರ್ ಕಡೆ ನೋಡಿ. ಆಟದ ಒಂದು ದಿನ ಅಂದರೆ ಸುಮಾರು 7 ನಿಮಿಷ. ಹಗಲಲ್ಲಿ ಸೋಲಾರ್ ಹೊತ್ತಿದ್ದ ಭಾರ ರಾತ್ರಿ ಪೂರ್ತಿ ಎಂಜಿನ್ ಮೇಲೆ ಬೀಳುತ್ತದೆ. ಗ್ರಾಫಿನಲ್ಲಿ ಅದು ಏರಿಳಿಯುವ ಅಲೆಯ ಹಾಗೆ ಕಾಣುತ್ತದೆ.

ಬಾಯ್ಲರ್ ಸಾಲಿನ ಉದ್ದಕ್ಕೂ ನಡೆದು ನೋಡಿ

ಎಂಜಿನ್‌ಗೆ ಹಬೆ ಸಿಗುತ್ತಿಲ್ಲ ಅಂತ ಗೊತ್ತಾಯಿತು. ಈಗ ಬಾಯ್ಲರ್‌ಗಳ ಪಕ್ಕ ನಡೆಯಿರಿ. ಯಾವುದು ಖಾಲಿ, ಯಾವುದು ತುಂಬಿದೆ ಎಂಬ ವಿನ್ಯಾಸವೇ ಕಾರಣ ಹೇಳುತ್ತದೆ.

ಮೊದಲ ಬಾಯ್ಲರ್‌ಗಳು ತುಂಬಿದ್ದು ಕೊನೆಯವು ಖಾಲಿ ಇದ್ದರೆ ಕಲ್ಲಿದ್ದಲು ಕೊನೆಯವರೆಗೆ ತಲುಪುತ್ತಿಲ್ಲ. ಕಾಲುವೆಯ ಕೊನೆಯ ಗದ್ದೆಗೆ ನೀರು ಬಾರದ ಹಾಗೆ. ಇಲ್ಲಿ ಬೆಲ್ಟಿನ ಮಿತಿ ಗೊತ್ತಿರಬೇಕು. ಹಳದಿ ಬೆಲ್ಟ್ ಸೆಕೆಂಡಿಗೆ 15 ತುಂಡು ಸಾಗಿಸುತ್ತದೆ, ಎರಡು ಪಟ್ಟಿಗಳಲ್ಲಿ ಏಳೂವರೆ ಏಳೂವರೆ. ಎರಡೂ ಪಟ್ಟಿ ತುಂಬಿದ್ದರೆ 60 ಮೆಗಾವ್ಯಾಟಿಗೆ ಸಾಕು, 33 ಬಾಯ್ಲರ್ ನಡೆಯುತ್ತವೆ. ಆದರೆ ಒಂದೇ ಪಟ್ಟಿಯಲ್ಲಿ ಕಲ್ಲಿದ್ದಲು ಬರುತ್ತಿದ್ದರೆ? ಏಳೂವರೆ ಗುಣಿಲೆ 4, 30 ಮೆಗಾವ್ಯಾಟ್. ಬರೀ 16 ಬಾಯ್ಲರ್‌ಗೆ ಸಾಕಾಗುವಷ್ಟು.

ಇದು ಬಹಳ ಜನ ಬೀಳುವ ಗುಂಡಿ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಬೆಲ್ಟಿನ ಒಂದೇ ಬದಿಗೆ ಗಣಿ ಯಂತ್ರ ಇಟ್ಟರೆ ಒಂದೇ ಪಟ್ಟಿ ತುಂಬುತ್ತದೆ. ದೂರದಿಂದ ನೋಡಿದರೆ ಬೆಲ್ಟ್ ತುಂಬಿದ ಹಾಗೇ ಕಾಣುತ್ತದೆ. 20 ಬಾಯ್ಲರ್ ಇದೆ, 40 ಎಂಜಿನ್ ಇದೆ, ಆದರೂ 30ರ ಮೇಲೆ ಏರುವುದೇ ಇಲ್ಲ. ಕಂಬದ ಪಟ್ಟಿಯಲ್ಲಿ ಕರೆಂಟ್ ಸರಿಯಾಗಿ 30ರ ಆಸುಪಾಸಿನಲ್ಲಿ ಅಂಟಿಕೊಂಡಿದ್ದರೆ ಮೊದಲು ಈ ಬೆಲ್ಟ್ ನೋಡಿ. ಇನ್ನೊಂದು ಬದಿಗೂ ಗಣಿ ಯಂತ್ರ ಇಟ್ಟರೆ ಮುಗಿಯಿತು. ಕೆಂಪು ಬೆಲ್ಟ್ ಹಾಕಿದರೆ ಸೆಕೆಂಡಿಗೆ 30 ತುಂಡು. ಅಥವಾ ಹಳದಿ ಬೆಲ್ಟಿನಲ್ಲೇ ಘನ ಇಂಧನ ಕಳಿಸಿದರೆ ಪ್ರತಿ ತುಂಡಿಗೆ ಮೂರು ಪಟ್ಟು ಶಕ್ತಿ, ಅದೇ ಬೆಲ್ಟ್ 180 ಮೆಗಾವ್ಯಾಟ್ ಹೊರುತ್ತದೆ.

ಎಲ್ಲ ಬಾಯ್ಲರ್‌ಗಳೂ ಖಾಲಿ ಇದ್ದರೆ ತೊಂದರೆ ಇನ್ನೂ ಹಿಂದೆ ಇದೆ. ಗಣಿ ಬರಿದಾಗಿದೆಯೇ ನೋಡಿ, ಕಲ್ಲಿದ್ದಲಿನ ನಿಕ್ಷೇಪಕ್ಕೆ ಕೊನೆ ಇದೆ. ದಾರಿಯಲ್ಲಿ ಕವಲೊಡೆದು ಕಲ್ಲಿದ್ದಲು ಪ್ಲಾಸ್ಟಿಕ್ಕಿಗೋ ಕುಲುಮೆಗಳಿಗೋ ಹೋಗುತ್ತಿದೆಯೇ ನೋಡಿ. ಹಾಗಿದ್ದರೆ ಕವಲಿನ ಸ್ಪ್ಲಿಟರ್ ಮೇಲೆ ಕ್ಲಿಕ್ ಮಾಡಿ ಬಾಯ್ಲರ್ ಕಡೆಗೆ ಆದ್ಯತೆ ಕೊಡಬಹುದು. ಮೊದಲು ಬಾಯ್ಲರ್, ಉಳಿದಿದ್ದು ಬೇರೆಯವರಿಗೆ.

ಬೆಲ್ಟ್ ತುಂಬಿದೆ, ನಿಂತಿದೆ, ಆದರೂ ಬಾಯ್ಲರ್ ಖಾಲಿ? ಬೆಲ್ಟಿನ ಮೇಲೆ ಇರುವುದು ನಿಜಕ್ಕೂ ಕಲ್ಲಿದ್ದಲೇ ಅಂತ ಹತ್ತಿರ ಹೋಗಿ ನೋಡಿ. ಕಲ್ಲಿನ ನಿಕ್ಷೇಪಕ್ಕೆ ಅಂಟಿಕೊಂಡ ಗಣಿ ಯಂತ್ರ ನಡುನಡುವೆ ಕಲ್ಲನ್ನೂ ಬೆಲ್ಟಿಗೆ ಹಾಕುತ್ತದೆ. ಬಾಯ್ಲರ್‌ಗೆ ಇಂಧನ ಮಾತ್ರ ಬೇಕು. ಕಲ್ಲು ಸಾಲಿನ ಕೊನೆಗೆ ಹೋಗಿ ನಿಲ್ಲುತ್ತದೆ. ಇನ್ನೊಂದು ಬರುತ್ತದೆ, ಅದರ ಹಿಂದೆ ನಿಲ್ಲುತ್ತದೆ. ಕೊನೆಯ ಬಾಯ್ಲರ್‌ನಿಂದ ಶುರುವಾಗಿ ಒಂದೊಂದೇ ಹಸಿಯುತ್ತವೆ. ಕಲ್ಲು ತೆಗೆಯುವುದು ತಾತ್ಕಾಲಿಕ. ಕಲ್ಲು ಹಾಕುತ್ತಿರುವ ಗಣಿ ಯಂತ್ರವನ್ನು ಕೀಳುವುದೇ ಪರಿಹಾರ.

ಸಾಲಿನ ನಡುವೆ ಒಂದೇ ಒಂದು ಬಾಯ್ಲರ್ ಖಾಲಿ ಇದ್ದರೆ ಅದರ ಇನ್ಸರ್ಟರ್‌ಗೆ ಕಂಬ ಸಿಕ್ಕಿಲ್ಲ, ಅಷ್ಟೇ.

ಕಲ್ಲಿದ್ದಲು ಇದೆ, ಹಬೆ ಇಲ್ಲ

ಬಾಯ್ಲರ್‌ನಲ್ಲಿ ಇಂಧನ ಇದ್ದೂ ಉರಿಯದಿದ್ದರೆ ನೀರಿನ ಕಡೆ ಬನ್ನಿ. ಬಾಯ್ಲರ್‌ನ ಎರಡು ಪಕ್ಕಗಳಲ್ಲಿ ನೀರು ಹಾದುಹೋಗುತ್ತದೆ, ಮುಂದಿನಿಂದ ಹಬೆ ಹೊರಬರುತ್ತದೆ. ತಿರುಗಿಸಿ ಇಟ್ಟರೆ ಪೈಪ್ ಪಕ್ಕದಲ್ಲೇ ಇದ್ದ ಹಾಗೆ ಕಾಣುತ್ತದೆ, ಜೋಡಣೆ ಆಗಿರುವುದಿಲ್ಲ.

ಹಳೆಯ 1.1 ಆವೃತ್ತಿ ಆಡುವವರಿಗೆ ಎರಡು ಎಚ್ಚರಿಕೆ: ಒಂದು ಪಂಪಿಗೆ 20ಕ್ಕಿಂತ ಹೆಚ್ಚು ಬಾಯ್ಲರ್ ಬೇಡ, ಮತ್ತು ಪೈಪ್ ಉದ್ದವಾದಷ್ಟೂ ಹರಿವು ಕುಗ್ಗುತ್ತದೆ. 2.0ರಲ್ಲಿ ಆ ಕುಗ್ಗುವಿಕೆ ಇಲ್ಲ. ಬದಲಿಗೆ ಒಂದು ಗಡಿ ಇದೆ. ಒಂದಕ್ಕೊಂದು ಸೇರಿದ ಪೈಪ್‌ಗಳ ಹರವು 320 ಚೌಕ ದಾಟಿದರೆ ಹರಿವು ನಿಲ್ಲುತ್ತದೆ, ನಡುವೆ ಒಂದು ಪಂಪ್ ಹಾಕಬೇಕು. ಇಲ್ಲಿ ಜೋಪಾನ. ದಡದ ಪಂಪಿಗೆ ಕರೆಂಟ್ ಬೇಡ, ಆದರೆ ನಡುವಿನ ಈ ಪಂಪಿಗೆ ಬೇಕು. ಕರೆಂಟ್ ಮಾಡುವ ನೀರೇ ಕರೆಂಟಿನ ಮೇಲೆ ನಿಂತ ಹಾಗಾಯಿತು. ಹಿಂದೆ ನೋಡಿದ ಅದೇ ಸುತ್ತು. ಆದಷ್ಟು ಬಾಯ್ಲರ್‌ಗಳನ್ನು ನೀರಿನ ಹತ್ತಿರವೇ ಇಟ್ಟು, ಕಲ್ಲಿದ್ದಲನ್ನು ಬೆಲ್ಟಿನಲ್ಲಿ ತರುವುದು ಒಳ್ಳೆಯದು. ಬೆಲ್ಟಿಗೆ ಕರೆಂಟ್ ಬೇಡ.

ಪೂರ್ತಿ ನಿಂತೇ ಹೋದರೆ

ಕೈಯಲ್ಲಿ ಕಲ್ಲಿದ್ದಲು ಹಿಡಿದು ಬಾಯ್ಲರ್‌ಗಳಿಗೆ ತುಂಬುವುದು ಎಲ್ಲರಿಗೂ ಹೊಳೆಯುತ್ತದೆ. ಎಂಜಿನ್ ಎದ್ದು ಕೂರುತ್ತದೆ. ಎರಡು ನಿಮಿಷಕ್ಕೆ ಮತ್ತೆ ಮಲಗುತ್ತದೆ. ಒಂದು ಬಾಯ್ಲರ್‌ಗೆ 50 ತುಂಡು ಹಾಕಿದರೆ ಪೂರ್ತಿ ಜೋರಿನಲ್ಲಿ 111 ಸೆಕೆಂಡ್ ಉರಿಯುತ್ತದೆ. ಆ ಕರೆಂಟಿನ ಬಹುಪಾಲು ಹಸಿದು ಕೂತ ಜೋಡಣಾ ಯಂತ್ರಗಳಿಗೆ ಹೋಗುತ್ತದೆ. ಗಣಿ ಯಂತ್ರಗಳಿಗೆ ಸಿಗುವುದು ಅವುಗಳ ಸಣ್ಣ ಪಾಲು ಮಾತ್ರ.

ಹಾಗಾಗಿ ಮೊದಲು ಕಾರ್ಖಾನೆಯ ತಂತಿ ತೆಗೆಯಿರಿ. ಒಂದು ಕಂಬ ಕಿತ್ತರೂ ಸಾಕು. ಜಾಲದಲ್ಲಿ ಗಣಿ ಯಂತ್ರಗಳು ಮತ್ತು ಬಾಯ್ಲರ್‌ನ ಇನ್ಸರ್ಟರ್‌ಗಳು ಮಾತ್ರ ಉಳಿಯಲಿ. 18 ಗಣಿ ಯಂತ್ರ ಅಂದರೆ 1.62 ಮೆಗಾವ್ಯಾಟ್, ಇನ್ಸರ್ಟರ್ ಸೇರಿ ಎರಡರ ಹತ್ತಿರ. ಈಗ ನಾಲ್ಕು ಬಾಯ್ಲರ್‌ಗೆ ಐವತ್ತೈವತ್ತು ಕಲ್ಲಿದ್ದಲು ಹಾಕಿ. ಒಟ್ಟು 800 ಮೆಗಾಜೂಲ್. ಬೇಡಿಕೆ ಎಷ್ಟಿದೆಯೋ ಅಷ್ಟೇ ಇಂಧನ ಉರಿಯುವುದರಿಂದ ಇದು ಆರು ನಿಮಿಷಕ್ಕಿಂತ ಹೆಚ್ಚು ಬರುತ್ತದೆ. ಅಷ್ಟರಲ್ಲಿ ಗಣಿ ಪೂರ್ತಿ ವೇಗದಲ್ಲಿ ಅಗೆದು ಬೆಲ್ಟ್ ತುಂಬಿಸುತ್ತದೆ. ಬೆಲ್ಟ್ ತುಂಬಿ ನಿಂತ ಮೇಲೆ ಕಾರ್ಖಾನೆಯನ್ನು ಒಂದೊಂದು ಭಾಗವಾಗಿ ಜೋಡಿಸಿ. ಅವಸರ ಬೇಡ. ಒಟ್ಟಿಗೆ ಜೋಡಿಸಿದರೆ ಅದೇ 45 ಮೆಗಾವ್ಯಾಟ್ ಬೇಡಿಕೆ ಮತ್ತೆ ಬಂದು ಕೂರುತ್ತದೆ.

ಸುತ್ತನ್ನು ಕತ್ತರಿಸುವುದು

ಸುಳಿ ಹುಟ್ಟುವುದು ವಿದ್ಯುತ್ ಸ್ಥಾವರ ತನ್ನದೇ ಕರೆಂಟಿನ ಮೇಲೆ ನಿಂತಿರುವುದರಿಂದ. ಆ ಗಂಟು ಬಿಚ್ಚಿದರೆ ಕೊರತೆ ಬಂದರೂ ಕುಸಿತ ಬರುವುದಿಲ್ಲ. 80 ಭಾಗಕ್ಕೆ ಇಳಿದರೆ 80ರಲ್ಲೇ ನಿಲ್ಲುತ್ತದೆ.

ಮೊದಲನೆಯದು, ಬಾಯ್ಲರ್‌ಗಳಿಗೆ ಇಂಧನದಲ್ಲಿ ಓಡುವ ಬರ್ನರ್ ಇನ್ಸರ್ಟರ್ ಇಡುವುದು. ಅದು ತಾನು ಎತ್ತುವ ಕಲ್ಲಿದ್ದಲಿನಿಂದಲೇ ಸ್ವಲ್ಪ ತೆಗೆದುಕೊಂಡು ಓಡುತ್ತದೆ. ನಿಧಾನ ಅಂತ ಜನ ಅದನ್ನು ದೂರ ಇಡುತ್ತಾರೆ. ಆದರೆ ಬಾಯ್ಲರ್‌ಗೆ ಬೇಕಾದ್ದು ಸೆಕೆಂಡಿಗೆ 0.45 ತುಂಡು. ಬರ್ನರ್ ಇನ್ಸರ್ಟರ್ ಅದಕ್ಕಿಂತ ಹೆಚ್ಚೇ ಸಾಗಿಸುತ್ತದೆ. ಈ ಒಂದು ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಆಳು ಸಿಗುವುದಿಲ್ಲ.

ಎರಡನೆಯದು ಗಣಿಗೆ ಪ್ರತ್ಯೇಕ ಜಾಲ. ಒಂದು ಬಾಯ್ಲರ್, ಎರಡು ಎಂಜಿನ್ ಬೇರೆ ಮಾಡಿ, ಕಲ್ಲಿದ್ದಲು ಗಣಿಗೆ ಮಾತ್ರ ಜೋಡಿಸಿ. 1.8 ಮೆಗಾವ್ಯಾಟ್ ಬರುತ್ತದೆ, 18 ಗಣಿ ಯಂತ್ರಗಳಿಗೆ 1.62 ಸಾಕು. ಈ ಬಾಯ್ಲರ್ ಬೆಲ್ಟಿನಲ್ಲಿ ಎಲ್ಲಕ್ಕಿಂತ ಮೊದಲು ಬರಲಿ. ಎರಡು ಜಾಲಗಳ ಕಂಬಗಳು ಒಂದೇ ಯಂತ್ರಕ್ಕೆ ತಾಗದಂತೆ ನೋಡಿಕೊಳ್ಳಿ, ತಾಗಿದರೆ ಆ ಯಂತ್ರ ಎರಡರಿಂದಲೂ ಕರೆಂಟ್ ಎಳೆಯುತ್ತದೆ.

ಬೇರೆ ಜಾಲದ ಬೆಲೆ ಏನು ಅನ್ನುವುದಕ್ಕೆ ನಮ್ಮದೇ ನೆನಪು ಒಂದಿದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲ ಕುಸಿಯಿತು. ಎರಡನೇ ದಿನ ಪೂರ್ವ, ಈಶಾನ್ಯ ಜಾಲಗಳೂ ಜೊತೆಗೆ ಬಿದ್ದವು. ಕರ್ನಾಟಕ ಇದ್ದ ದಕ್ಷಿಣ ಜಾಲ ಆಗ ಅವುಗಳೊಂದಿಗೆ ಒಂದೇ ಲಯದಲ್ಲಿ ಜೋಡಣೆಯಾಗಿರಲಿಲ್ಲ. ಅದು ಹಾಗೆ ಸೇರಿದ್ದು 2013ರ ಡಿಸೆಂಬರ್ 31ರಂದು. ಹಾಗಾಗಿ ಆ ಎರಡು ದಿನ ಕುಸಿತ ನಮ್ಮ ಕಡೆ ಹರಿದು ಬರಲಿಲ್ಲ. ಜಾಲ ಸೇರಿಸಿದರೆ ಕಷ್ಟಕಾಲದಲ್ಲಿ ಕರೆಂಟ್ ಹಂಚಿಕೊಳ್ಳಬಹುದು, ಆದರೆ ಕಷ್ಟವನ್ನೂ ಹಂಚಿಕೊಳ್ಳಬೇಕಾಗುತ್ತದೆ. ಆಟದಲ್ಲೂ ಆಯ್ಕೆ ಇದೇ. ಕಲ್ಲಿದ್ದಲು ಗಣಿಯ ಮಟ್ಟಿಗೆ ಬೇರೆ ಇಡುವುದೇ ಲೇಸು.

ಬೇಡಿಕೆ ಇಳಿಸುವ ದಾರಿಯೂ ಇದೆ. ಗಣಿ ಯಂತ್ರದಲ್ಲಿ ಮೂರು ಮಾಡ್ಯೂಲ್, ಅಂದರೆ ಯಂತ್ರದ ಗುಣ ಬದಲಿಸುವ ಬಿಡಿಭಾಗ, ಇಡುವ ಜಾಗ ಇದೆ. ಮೊದಲ ದರ್ಜೆಯ ಮಿತವ್ಯಯ ಮಾಡ್ಯೂಲ್ ಒಂದೊಂದು 30 ಭಾಗ ಉಳಿಸುತ್ತದೆ. ಮೂರು ಹಾಕಿದರೆ 90 ಆಗಬೇಕು, ಆದರೆ ಆಟ 80 ಭಾಗದ ಉಳಿತಾಯಕ್ಕೇ ನಿಲ್ಲಿಸುತ್ತದೆ. 90 ಕಿಲೋವ್ಯಾಟ್ ಯಂತ್ರ 18ಕ್ಕೆ ಇಳಿಯುತ್ತದೆ, ಹೊಗೆಯೂ ಅದೇ ಲೆಕ್ಕದಲ್ಲಿ ತಗ್ಗುತ್ತದೆ. ಹೊಗೆ ಕಮ್ಮಿಯಾದರೆ ಬೈಟರ್‌ಗಳ ದಾಳಿಯೂ ಕಮ್ಮಿ.

ಟ್ಯಾಂಕ್, ಗಂಟೆ, ಸೋಲಾರ್

ಹಬೆಯನ್ನು ಟ್ಯಾಂಕಿನಲ್ಲಿ ತುಂಬಿಡಬಹುದು. ಒಂದು ಟ್ಯಾಂಕ್ 25,000 ಪಾಲು ಹಿಡಿಯುತ್ತದೆ. ಅದು 750 ಮೆಗಾಜೂಲ್, 150 ಬ್ಯಾಟರಿಗಳ (ಆಟದಲ್ಲಿ ಇದರ ಹೆಸರು ಅಕ್ಯುಮುಲೇಟರ್) ಸಮ. ಬೇಡಿಕೆ ಕಮ್ಮಿ ಇದ್ದಾಗ ತುಂಬಿ, ಜಾಸ್ತಿಯಾದಾಗ ಕೊಡುತ್ತದೆ. ಆದರೆ ಆ ಹಬೆ ಬಳಸಲು ಹೆಚ್ಚುವರಿ ಎಂಜಿನ್ ಬೇಕು. ಲೇಖನದ ಮೊದಲ ಸಾಲಿನವರು ಹಾಕಿದ ಹತ್ತು ಎಂಜಿನ್ ಉಪಯೋಗಕ್ಕೆ ಬರುವ ಜಾಗ ಇದು.

ಒಂದೇ ಒಂದು ಬ್ಯಾಟರಿಯನ್ನು ಜಾಲಕ್ಕೆ ಹಾಕಿ, ಅದರಿಂದ ಸಿಗ್ನಲ್ ತಂತಿ ಎಳೆದು ಸ್ಪೀಕರ್‌ಗೆ ಕೊಟ್ಟರೆ ಒಳ್ಳೆಯ ಎಚ್ಚರಿಕೆ ಗಂಟೆ ಆಗುತ್ತದೆ. ಬೇರೆಲ್ಲ ಮೂಲಗಳೂ ಸಾಲದಿದ್ದಾಗ ಮಾತ್ರ ಬ್ಯಾಟರಿ ಇಳಿಯುತ್ತದೆ. ಅರ್ಧಕ್ಕೆ ಇಳಿದ ಕೂಡಲೇ ಸ್ಪೀಕರ್ ಕೂಗಲಿ. ಬೆಲ್ಟ್ ಬರಿದಾಗಲು ಇನ್ನೂ ಏಳು ನಿಮಿಷ ಇರುವಾಗಲೇ ನಿಮಗೆ ಗೊತ್ತಾಗುತ್ತದೆ.

ಸೋಲಾರ್‌ಗೆ ಹೋಗಬೇಕೆಂದರೆ ಒಂದು ಫಲಕ ಹಗಲೂ ರಾತ್ರಿ ಸೇರಿ ಸರಾಸರಿ 42 ಕಿಲೋವ್ಯಾಟ್ ಕೊಡುತ್ತದೆ. 36 ಮೆಗಾವ್ಯಾಟಿಗೆ ಸುಮಾರು 857 ಫಲಕ, 720 ಬ್ಯಾಟರಿ. ದೊಡ್ಡ ಕೆಲಸ, ಹಂತ ಹಂತವಾಗಿ ಮಾಡಬೇಕು. ಆಗ ಹಬೆ ಸ್ಥಾವರವನ್ನು ಕಿತ್ತು ಹಾಕಬೇಡಿ. ಕರೆಂಟ್ ಬೇಕಾದಾಗ ಆಟ ಮೊದಲು ಸೋಲಾರ್, ಆಮೇಲೆ ಎಂಜಿನ್, ಕೊನೆಗೆ ಬ್ಯಾಟರಿ ಬಳಸುತ್ತದೆ. ಅಂದರೆ ಬ್ಯಾಟರಿ ತುಂಬಿದ್ದರೂ ಪ್ರತಿ ರಾತ್ರಿ ಕಲ್ಲಿದ್ದಲು ಉರಿಯುತ್ತದೆ. ಅದು ಬೇಡವೆಂದರೆ ಸ್ಥಾವರ ಮತ್ತು ಜಾಲದ ನಡುವೆ ಒಂದು ವಿದ್ಯುತ್ ಸ್ವಿಚ್ ಹಾಕಿ, ಬ್ಯಾಟರಿ 20 ಭಾಗಕ್ಕಿಂತ ಕೆಳಗೆ ಇಳಿದಾಗ ಮಾತ್ರ ಜೋಡಣೆಯಾಗುವಂತೆ ಮಾಡಿ. ಉಳಿದ ಹೊತ್ತೆಲ್ಲ ಬಾಯ್ಲರ್ ತಣ್ಣಗಿರುತ್ತದೆ, ಬೆಲ್ಟ್ ಮಾತ್ರ ಕಲ್ಲಿದ್ದಲು ತುಂಬಿಕೊಂಡು ಕಾಯುತ್ತಿರುತ್ತದೆ.